ಹದಿನೇಳನೇ ಬಾವಿಯ ನೀರು

ಮೊದಲೇ ಹೇಳಿಬಿಡುತ್ತೇನೆ, ವರದಿಯಲ್ಲಿರುವ ಅಂಕಿ ಸುಳ್ಳಲ್ಲ. ಹದಿನೇಳನೇ ಬಾವಿ, ಹಟ್ಟಿಕೇರಿ: ಮೊದಲ ಸಲ ಲೀಟರಿಗೆ ನೂರಾ ಹನ್ನೆರಡು ಮಿಲಿಗ್ರಾಂ ಕ್ಲೋರೈಡ್, ಎರಡನೇ ಸಲ ತೊಂಬತ್ತೆಂಟು, ಮೂರನೇ ಸಲ ನೂರಾ ಇಪ್ಪತ್ತೊಂದು. ಅಳೆದವಳು ನಾನೇ. ಆ ಬಾಟಲಿಗಳನ್ನು ಇವತ್ತು ಯಾರಾದರೂ ತಂದು ಮುಂದಿಟ್ಟರೂ ಅದೇ ಅಂಕಿ ಬರುತ್ತದೆ. ಅಂಕಿ ಸುಳ್ಳಾಗಿದ್ದರೆ ನನಗೆ ಎಷ್ಟೋ ಸಮಾಧಾನವಿತ್ತು. ಕೈತಪ್ಪಾಯಿತು ಎಂದು ಹೇಳಿ ತಿದ್ದಬಹುದಿತ್ತು.

ನನ್ನ ಹೆಸರು ಪ್ರೇಕ್ಷಾ. ಮನೆ ಕಾರವಾರದ ಹಬ್ಬುವಾಡದಲ್ಲಿ, ಕೆಲಸ ಬೈತಖೋಲದ ಮೀನು ಬಂದರಿನ ಹತ್ತಿರ ನೀರು ಪರೀಕ್ಷೆ ಮಾಡುವ ಒಂದು ಸಂಸ್ಥೆಯಲ್ಲಿ. ಸಂಸ್ಥೆಯ ಹೆಸರು ಬೇಡ. ಕಿಟಕಿ ತೆಗೆದರೆ ಮೀನಿನ ವಾಸನೆ, ಮುಚ್ಚಿದರೆ ಆಸಿಡ್ಡಿನ ವಾಸನೆ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಆರು ವರ್ಷದಿಂದ ಅಲ್ಲಿ ಕೂತಿದ್ದೇನೆ. ನಮ್ಮ ಮುಖ್ಯಸ್ಥರು ಡಾಕ್ಟರ್ ರೂಪೇಶ. ನನ್ನ ಪಿಎಚ್.ಡಿ.ಗೂ ಅವರೇ ಮಾರ್ಗದರ್ಶಕರು, ಹಾಗಾಗಿ ನನ್ನ ಜುಟ್ಟು ಅವರ ಕೈಯಲ್ಲಿದೆ. ಕೆಟ್ಟವರಲ್ಲ. ಯಾರ ಮುಲಾಜಿಗೂ ಬಿದ್ದವನಲ್ಲ ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಾರೆ, ಅದನ್ನು ಮನಸಾರೆ ನಂಬುತ್ತಾರೆ ಕೂಡ. ಹಾಗೆ ನಂಬಿದವರ ಜೊತೆ ಜಗಳ ಕಾಯುವುದು ಎಷ್ಟು ಕಷ್ಟ ಎಂಬುದು ಆ ವರ್ಷ ನನಗೆ ತಿಳಿಯಿತು.

ವಿಷಯ ಇಷ್ಟು. ಹೊಳೆಯ ಬಾಯಲ್ಲಿ ಹೂಳೆತ್ತಿದ ಮೇಲೆ ಉಬ್ಬರದ ನೀರು ಮೊದಲಿಗಿಂತ ಮೇಲೆ ಬರುತ್ತಿದೆ, ಹೊಳೆಯಂಚಿನ ತಗ್ಗಿನ ಗಜನಿ ಗದ್ದೆಯ ಕಟ್ಟೆ ದಾಟಿ ಬಾವಿಗಳಿಗೆ ಉಪ್ಪು ಸೇರುತ್ತಿದೆ ಎಂದು ಹಟ್ಟಿಕೇರಿಯ ಸುತ್ತಮುತ್ತಲಿನವರು ಅರ್ಜಿ ಕೊಟ್ಟಿದ್ದರು. ನಲವತ್ತೆರಡು ಬಾವಿಗಳನ್ನು ಪರೀಕ್ಷಿಸುವ ಕೆಲಸ ನಮಗೆ ಬಂತು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ತಿಂಗಳಿಗೊಂದರಂತೆ ಮೂರು ಸಲ ನೀರು ತೆಗೆಯಬೇಕು. ಉಪ್ಪಿನ ಅಳತೆಯಾದ ಕ್ಲೋರೈಡ್ ಮೂರರಲ್ಲಿ ಎರಡು ಸಲ ಇನ್ನೂರೈವತ್ತರ ಮಿತಿ ದಾಟಿದರೆ ಆ ಮನೆಗೆ ಬೇಸಿಗೆಯೊಳಗೆ ನಳದ ನೀರು. ದಾಟದಿದ್ದರೆ ಇಲ್ಲ.

ನಿಯಮಗಳನ್ನು ಮಾಡಿದವರು ರೂಪೇಶ ಸರ್. ಯಾರಿಗೂ ಅನ್ಯಾಯವಾಗಬಾರದು ಎಂದು ಮೂರು ದಿನ ಮೊದಲೇ ಪಂಚಾಯಿತಿಯಿಂದ ಮನೆಮನೆಗೆ ಕಾಗದ ಹೋಗಬೇಕು. ಬಾವಿಯಿಂದ ನೀರನ್ನು ಮನೆಯವರೇ ಸೇದಿ ಕೊಡಬೇಕು. ಆಫೀಸಿಗೆ ಬಂದ ಬಾಟಲಿಯ ನಂಬರನ್ನು ಬದಲಾಯಿಸಿ ನನಗೆ ಕೊಡಬೇಕು, ಯಾರ ಬಾವಿಯದು ಎಂದು ಅಳೆಯುವವಳಿಗೆ ಗೊತ್ತಾಗಬಾರದು. ಊರವರು ಏನು ಹೇಳಿದರೂ ಷರಾ ಕಾಲಂನಲ್ಲಿ ಬರೆದುಕೊಳ್ಳಬಹುದು, ಆದರೆ ಲೆಕ್ಕಕ್ಕೆ ಹಿಡಿಯಬಾರದು. "ಬಾಯಿಮಾತು ವ್ಯಕ್ತಿನಿಷ್ಠ, ಬಾಟಲಿ ವಸ್ತುನಿಷ್ಠ" ಎಂದು ಮೀಟಿಂಗಿನಲ್ಲಿ ಹೇಳಿದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಹಾಕಿಕೊಂಡೆ. ಅಷ್ಟು ಒಳ್ಳೆಯ ವಿದ್ಯಾರ್ಥಿನಿ ನಾನು.

ನಾಗಿ ಗೌಡತಿಯ ಮನೆ ಗಜನಿಯ ಅಂಚಿಗೆ, ಗುಡ್ಡದ ಬುಡದಲ್ಲಿ. ಅರವತ್ತು ದಾಟಿದ ಹೆಂಗಸು. ಮಗ ಜಗದೀಶ ನಮ್ಮ ಬೈತಖೋಲದಲ್ಲೇ ಟ್ರಾಲರಿಗೆ ಹೋಗುವವ, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಸೊಸೆ ಭಾರತಿ ಆಗ ನಾಲ್ಕು ತಿಂಗಳ ಬಸುರಿ. ಪಿಯುಸಿ ಓದಿದ ಹುಡುಗಿ, ಮಾತು ಕಡಿಮೆ. ಎರಡು ಸಲ ಬಸುರು ನಿಂತಿರಲಿಲ್ಲ ಎಂದು ನಾಗಕ್ಕ ನನಗೆ ಮೊದಲ ದಿನವೇ ಹೇಳಿದ್ದಳು, ಜೀಪಿನ ಡ್ರೈವರ್ ಪಕ್ಕದಲ್ಲೇ ನಿಂತಿದ್ದನ್ನೂ ಲೆಕ್ಕಿಸದೆ.

"ಉಪ್ಪು ಅಂದ್ರೆ ಎಂತಾ ಉಪ್ಪು ಅಕ್ಕೋರೆ! ಗಂಜಿಗೆ ಬೇರೆ ಉಪ್ಪ ಹಾಕೂದೇ ಬ್ಯಾಡ. ಈ ಹುಡ್ಗಿ ಕಾಲ ನೋಡಿ, ಹೆಂಗೆ ಬಾತ್ಕಂಡದೆ. ಬೀಪಿ ಅದೆ, ಉಪ್ಪ ಬಿಡು ಅಂದ್ರು ದವಾಖಾನಿ ಡಾಕ್ಟ್ರು. ನೀರಲ್ಲೇ ಇದ್ರೆ ಬಿಡೂದು ಹೆಂಗೆ? ಇದ್ಕೆ ಕುಡೂಕೆ ಅಂತ ನಾ ದಿನಾ ಗುಡ್ಡದಾಚೆ ಹೋಗಿ ಎರಡ ಕೊಡ ತತ್ತೆ. ನನ್ ಸೊಂಟ ಇನ್ನೆಷ್ಟ ದಿನ ನಿಲ್ತದೆ?"

ನಾನು ಷರಾ ಕಾಲಂನಲ್ಲಿ ಬರೆದುಕೊಂಡೆ. ನಾಗಕ್ಕ ಬಾವಿಗೆ ಬಾಲ್ದಿ ಬಿಟ್ಟು ನೀರು ಸೇದಿದಳು, ನಾನು ಬಾಟಲಿ ತುಂಬಿ ಮುಚ್ಚಳ ಬಿಗಿದೆ. ಆಮೇಲೆ ಅವಳು ಅದೇ ಬಾಲ್ದಿಯಿಂದ ಎರಡು ಲೋಟ ತುಂಬಿ, ತಟ್ಟೆಯಲ್ಲಿ ಬೆಲ್ಲದ ಚೂರಿಟ್ಟು, "ಬಿಸ್ಲಲ್ಲಿ ಬಂದೀರಿ, ಆಸ್ರಿಗೆ ಕುಡೀರಿ" ಎಂದಳು. ಕುಡಿದೆ. ಉಪ್ಪಿನ ಸುಳಿವೂ ಇರಲಿಲ್ಲ. ನಮ್ಮ ಹಬ್ಬುವಾಡದ ನಳದ ನೀರಿಗಿಂತ ರುಚಿಯಾಗಿತ್ತು.

"ನೀರು ಚಲೋ ಇದೆಯಲ್ಲ ನಾಗಕ್ಕ?" ಎಂದೆ. ನನ್ನ ದನಿಯಲ್ಲಿ ಚುಚ್ಚು ಇತ್ತು. ಅವಳಿಗೆ ಅದು ತಟ್ಟಲೇ ಇಲ್ಲ. ಮುಖ ಅರಳಿತು, "ಹೌದ್ಯೇ? ಇನ್ನೊಂದ ಲೋಟ ಕುಡೀರಿ" ಎಂದಳು. ಸಿಕ್ಕಿಬಿದ್ದರೂ ನಾಚಿಕೆಯಿಲ್ಲ ನೋಡು ಎಂದುಕೊಂಡು ಜೀಪು ಹತ್ತಿದೆ. ದಾರಿಯಲ್ಲಿ ಷರಾದ ಮುಂದೆ ಇನ್ನೊಂದು ಸಾಲು ಸೇರಿಸಿದೆ: ಹೇಳಿಕೆಗೂ ನೀರಿಗೂ ತಾಳೆಯಿಲ್ಲ.

ನೂರಾ ಹನ್ನೆರಡು ಬಂದಾಗ ರೂಪೇಶ ಸರ್‌ಗೆ ಖುಷಿಯೋ ಖುಷಿ. "ನೋಡು, ಇದಕ್ಕೇ ನಾನು ಬಾಯಿಮಾತು ತಗೋಬೇಡ ಅನ್ನೋದು. ನಳ ಬರ್ತದೆ ಅಂದ್ರೆ ಎಲ್ಲರೂ ಉಪ್ಪು ಅಂತಲೇ ಹೇಳ್ತಾರೆ." ನನಗೂ ಹಾಗೇ ಅನ್ನಿಸಿತು. ಎರಡನೇ ಸಲ ಹೋದಾಗಲೂ ಅದೇ ದೂರು, ಅದೇ ಸಿಹಿ ನೀರು, ಅದೇ ಬೆಲ್ಲ. ಭಾರತಿಯ ಕಾಲು ಮಾತ್ರ ಇನ್ನಷ್ಟು ಊದಿತ್ತು. ಅವಳು ಏನೋ ಹೇಳಲು ಹೊರಟಳು, ಅತ್ತೆ ಕಣ್ಣು ಬಿಟ್ಟಿದ್ದಕ್ಕೆ ಸುಮ್ಮನಾದಳು. ಸುಳ್ಳು ಹೊರಬೀಳುತ್ತದೆಂದು ಹೆದರಿಕೆ ಎಂದು ನಾನು ತೀರ್ಮಾನಿಸಿದೆ. ನನ್ನ ತೀರ್ಮಾನಗಳು ಆಗ ಬಹಳ ಬೇಗ ಆಗುತ್ತಿದ್ದವು.

ಈ ನಡುವೆ ಹರಿಶ್ಚಂದ್ರ ಮಾಸ್ತರರ ಫೋನು ಬಂತು. ನಿವೃತ್ತ ಮುಖ್ಯಾಧ್ಯಾಪಕರು, ಅದೇ ಊರಲ್ಲಿ ರಸ್ತೆ ಬದಿಗೆ ಮನೆ. ಅವರ ಬಾವಿಗೆ ಮೊದಲ ಸಲ ನೂರಾ ನಲವತ್ತು ಬಂದಿತ್ತು. ನೀವು ಬಂದ ದಿನ ಇಳಿತವಿತ್ತು, ಹುಣ್ಣಿಮೆಯ ಉಬ್ಬರದ ಮರುದಿನ ಬಂದು ನೋಡಿ ಎಂದರು. ಎರಡು ಪುಟದ ಕಾಗದವನ್ನೂ ಬರೆದರು, ಚೆಂದದ ಅಕ್ಷರದಲ್ಲಿ. ರೂಪೇಶ ಸರ್ ಕಾಗದವನ್ನು ಎರಡು ಸಲ ಓದಿದರು. "ಮೂವತ್ತೈದು ವರ್ಷ ಪಾಠ ಹೇಳಿದವರು, ಸುಮ್ಮನೆ ಹೇಳೋದಿಲ್ಲ" ಎಂದರು. ಹುಣ್ಣಿಮೆಯ ಮರುದಿನ ಜೀಪು ಹೋಯಿತು, ನಾನೂರ ಹತ್ತು ಬಂತು. ಮೊದಲಿನ ಅಂಕಿಯ ಮೇಲೆ ಗೆರೆ ಎಳೆದು 'ಮಾದರಿ ಸಂಗ್ರಹದ ದೋಷ' ಎಂದು ಬರೆದೆವು. ಮಾಸ್ತರರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದನ್ನು ಒಪ್ಪುತ್ತೇನೆ. ಅವರ ಬಾವಿ ನಿಜವಾಗಿಯೂ ಉಪ್ಪಾಗಿತ್ತು.

ಮೂರನೇ ಸಲದ ಸರದಿ ಫೆಬ್ರವರಿಯ ಒಂದು ಸೋಮವಾರ. ಹಿಂದಿನ ದಿನ, ಭಾನುವಾರ, ಅಂಕೋಲೆಯಲ್ಲಿ ಅಮ್ಮನ ತಂಗಿ ಮಾವಶಿಯ ಮನೆಯಲ್ಲಿ ಊಟ ಮುಗಿಸಿ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ಹಟ್ಟಿಕೇರಿ ಬಂದಾಗ ಇಳಿದುಬಿಟ್ಟೆ. ಸುಳ್ಳು ಹೇಳಿ ಯಾಕೆ ನಮ್ಮ ಸಮಯ ಹಾಳು ಮಾಡುತ್ತೀಯ ಎಂದು ನಾಗಕ್ಕನನ್ನು ಮುಖಾಮುಖಿ ಕೇಳಬೇಕಿತ್ತು. ಜಗಳ ಮಾಡಲಿಕ್ಕೇ ಇಳಿದದ್ದು, ಮುಚ್ಚುಮರೆ ಯಾಕೆ.

ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ಅತ್ತೆ ಸೊಸೆ ಇಬ್ಬರೂ ಬಾವಿ ಖಾಲಿ ಮಾಡುತ್ತಿದ್ದರು. ನಾಗಕ್ಕ ಹಗ್ಗ ಎಳೆಯುತ್ತಿದ್ದಳು. ಆರು ತಿಂಗಳ ಬಸುರಿ ಭಾರತಿ ಬಾಲ್ದಿಗಳನ್ನು ಎತ್ತಿಕೊಂಡು ಹೋಗಿ ಅಂಗಳದಾಚೆಯ ಚರಂಡಿಗೆ ಸುರಿಯುತ್ತಿದ್ದಳು. ಇಬ್ಬರ ಸೀರೆಯೂ ಮೊಣಕಾಲವರೆಗೆ ಒದ್ದೆ. ಬಗ್ಗಿ ನೋಡಿದರೆ ಬಾವಿಯ ತಳದ ಕಲ್ಲು ಕಾಣುತ್ತಿತ್ತು.

"ಇದೆಂಥದು ನಾಗಕ್ಕ?"

"ಅಯ್ಯೋ, ಅಕ್ಕೋರು ಇವತ್ತೇ ಬಂದ್ರಲ್ಲೇ!" ಅವಳು ಗಾಬರಿಯಾದಳು. "ನಾಳಿಗೆ ಅಂತ ಕಾಗ್ದ ಬಂದಿತ್ತು. ಅದ್ಕೇ ಈ ಉಪ್ನೀರ ತೆಗ್ದು ಹಾಕ್ತೆ ಇದ್ವಿ. ಪೂರಾ ಬರಿದು ಮಾಡಿ ಬಿಟ್ರೆ ಗುಡ್ಡದ ಬದಿ ಒರ್ತೆದು ಚಲೋ ನೀರ ಬತ್ತದೆ. ಎರಡ ದಿನ ನಿಲ್ತದೆ, ಆಮೇಲೆ ಮತ್ತೆ ಉಪ್ಪೇ."

ಬಾಲ್ದಿಯಲ್ಲಿ ಉಳಿದಿದ್ದ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಸಮುದ್ರದಲ್ಲಿ ಮಿಂದು ಬಂದವರ ತುಟಿಯ ಹಾಗೆ ಉಪ್ಪಾಗಿತ್ತು.

"ಹೋದ ಎರಡು ಸಲವೂ ಹೀಗೇ ಮಾಡಿದ್ರಾ?"

"ಮಾಡ್ದೆ ಇರೂಕಾತದ್ಯೇ? ಕಾರವಾರದಿಂದ ಬಿಸ್ಲಲ್ಲಿ ಬಂದೋರಿಗೆ ಉಪ್ನೀರ ಕೊಡೂದೇ? ಬಾಟ್ಲಿ ತುಂಬ್ಕಂಡು ಬ್ಯಾರೆ ಹೋತ್ರಿ. ಅಲ್ಲಿ ನಿಮ್ ಸಾಹೇಬ್ರು ಬಾಯಿಗೆ ಹಾಕಂಡು ಥೂ ಅಂದ್ರೆ ನಮ್ ಮರ್ಯಾದಿ ಎಲ್ಲಿ ಉಳೀತು?"

"ನಾ ಬಡ್ಕಂಡೆ" ಎಂದಳು ಭಾರತಿ, ಬಾಲ್ದಿ ಕೆಳಗಿಟ್ಟು ಉಸಿರು ತೆಗೆದುಕೊಳ್ಳುತ್ತ. "ಪರೀಕ್ಷಿ ಮಾಡೂಕೆ ಒಯ್ತ್ರು, ಇದ್ದ ನೀರೇ ಕೊಡ್ವ ಅಂತ. ಅತ್ತೆ ಕೇಳೂದಿಲ್ಲ."

"ಪರೀಕ್ಷಿ ಎಂತದೇ? ನೀರ ಉಪ್ಪು ಅಂತ ನಾ ಬಾಯಿ ಬಿಟ್ಟು ಹೇಳಿದ್ನಿಲ್ಲೇ? ಅಕ್ಕೋರು ನನ್ ಎದುರೇ ಬರ್ಕಂಡ್ರಲ. ಇಷ್ಟ ವರ್ಷದ ಹೆಂಗ್ಸು ಹೇಳಿದ್ದ ಸಾಕಾಗೂದಿಲ್ಲೇ? ನಾವೇನ ಸುಳ್ಳ ಹೇಳೂ ಜನವೇ?"

ಅವಳು ನಮಗೆ ಎರಡು ಕೊಟ್ಟಿದ್ದಳು: ಸತ್ಯವನ್ನು ಬಾಯಲ್ಲಿ, ಮರ್ಯಾದೆಯನ್ನು ಬಾಟಲಿಯಲ್ಲಿ. ನಾವು ಬಾಟಲಿಯನ್ನು ಮಾತ್ರ ಜೀಪಿಗೆ ಹಾಕಿಕೊಂಡು ಬಂದಿದ್ದೆವು. ಮೂರು ದಿನ ಮೊದಲೇ ಕಾಗದ ಕಳಿಸಿ, ಬಾವಿ ಬರಿದು ಮಾಡಲು ಪುರುಸೊತ್ತು ಮಾಡಿಕೊಟ್ಟವರೂ ನಾವೇ. ಷರಾ ಕಾಲಂನಲ್ಲಿ ಅವಳನ್ನು ಸುಳ್ಳಿ ಮಾಡಿದವಳು ನಾನು. ಬ್ಯಾಗಿನಲ್ಲಿದ್ದ ನನ್ನ ಕುಡಿಯುವ ಬಾಟಲಿಯನ್ನು ಖಾಲಿ ಮಾಡಿ, ಬಾಲ್ದಿಯ ನೀರು ತುಂಬಿಕೊಂಡೆ. ಇನ್ನು ಸೇದಬೇಡಿ ಎಂದೆ. ಆದರೆ ಸೇದಲು ಬಾವಿಯಲ್ಲಿ ಏನೂ ಉಳಿದಿರಲಿಲ್ಲ.

ಮರುದಿನ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಆ ನೀರನ್ನು ಅಳೆದೆ. ನಮ್ಮ ವಿಧಾನ ಹಳೆಯದು. ನೀರಿಗೆ ಹಳದಿ ಬಣ್ಣ ಸೇರಿಸಿ, ಬೆಳ್ಳಿಯ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋಗುವುದು. ಹಳದಿ ಇಟ್ಟಿಗೆ ಕೆಂಪಿಗೆ ತಿರುಗಿದ ಹನಿಯಲ್ಲಿ ನಿಲ್ಲಿಸುವುದು. ಹನಿ ಹೆಚ್ಚಾದಷ್ಟೂ ಉಪ್ಪು ಹೆಚ್ಚು. ತಿರುಗಿತೋ ಇಲ್ಲವೋ ಎಂದು ಹೇಳಬೇಕಾದದ್ದು ಅಳೆಯುವವರ ಕಣ್ಣು. ನನ್ನ ಕಣ್ಣು ಬಹಳ ಒಳ್ಳೆಯದು, ಯಂತ್ರಕ್ಕಿಂತ ನಂಬಿಕಸ್ಥ ಎಂದು ರೂಪೇಶ ಸರ್ ಬಂದವರಿಗೆಲ್ಲ ಹೇಳುತ್ತಾರೆ. ಆ ದಿನ ಹನಿ ಬಿಡುತ್ತಲೇ ಇದ್ದೆ, ಕೆಂಪು ಬರಲೇ ಇಲ್ಲ. ಬಂದಾಗ ಲೆಕ್ಕ ಸಾವಿರದ ನೂರಾ ನಲವತ್ತು.

ಕಾಗದ ಹಿಡಿದು ಅವರ ಕೋಣೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಯಾರ ಬಾವಿ ಅಂತ ನಿನಗೆ ಗೊತ್ತಿತ್ತಾ, ಅಳೆಯುವಾಗ?"

"ಗೊತ್ತಿತ್ತು ಸರ್."

"ಭಾನುವಾರ, ಕುಡಿಯೋ ಬಾಟಲಿಯಲ್ಲಿ, ಕಲಕಿದ ಬಾವಿಯ ತಳದ ನೀರು. ಸಾಕ್ಷಿ ಯಾರೂ ಇಲ್ಲ. ಆ ಬಸುರಿ ಹುಡುಗಿಯನ್ನು ನೋಡಿ ನಿನಗೆ ಕರುಳು ಚುರ್ ಅಂದಿದೆ. ಹೌದಾ? ಇದನ್ನೇ ವ್ಯಕ್ತಿನಿಷ್ಠ ಅನ್ನೋದು, ಪ್ರೇಕ್ಷಾ. ಕನಿಕರ ತಪ್ಪಲ್ಲ. ವರದಿಯಲ್ಲಿ ತಪ್ಪು."

"ಹಾಗಾದ್ರೆ ಹದಿನೈದು ದಿನ ಬಿಟ್ಟು, ಹೇಳದೆ ಕೇಳದೆ ಹೋಗೋಣ ಸರ್. ನೀವೇ ಬನ್ನಿ. ಮಾಸ್ತರರ ಬಾವಿಗೆ ಮತ್ತೆ ಹೋಗಿದ್ವಲ್ಲ."

"ಅವರು ಕಾರಣ ಕೊಟ್ಟು ಲಿಖಿತವಾಗಿ ಕೇಳಿದ್ದರು."

"ಈಕೆಗೆ ಬರೆಯಲಿಕ್ಕೆ ಬರೋದಿಲ್ಲ ಸರ್. ಬಾಯಲ್ಲಿ ಹೇಳಿದ್ದಾಳೆ. ಎರಡು ಸಲ."

ಅವರು ಕನ್ನಡಕ ತೆಗೆದು ಒರೆಸಿದರು. "ಇವತ್ತು ಇವಳಿಗೆ ನಿಯಮ ಮುರಿದರೆ ನಾಳೆ ನಲವತ್ತೊಂದು ಜನ ಬಾಗಿಲಲ್ಲಿ ನಿಲ್ಲುತ್ತಾರೆ. ಅಷ್ಟಕ್ಕೂ, ಬಾವಿ ಖಾಲಿ ಮಾಡಿ ನೀರು ಕೊಟ್ಟಳು ಅಂದ್ರೆ ಮಾದರಿ ತಿದ್ದಿದ ಹಾಗಾಯಿತು. ಅದನ್ನು ಬರೆದರೆ ಅವಳಿಗೇ ತೊಂದರೆ. ಒಂದು ಟಿಪ್ಪಣಿ ಮಾಡು, ಅನುಬಂಧದಲ್ಲಿ ಹಾಕೋಣ."

ಆ ಮಧ್ಯಾಹ್ನ ಜೀಪು ಹೋಯಿತು. ನೂರಾ ಇಪ್ಪತ್ತೊಂದು ಬಂತು. ಕೆಂಪು ಬಣ್ಣ ಬೇಗನೆ ಬಂದುಬಿಟ್ಟಿತು. ನನ್ನ ಕಣ್ಣು ಒಪ್ಪುವ ಸಂಸ್ಥೆಗೆ ಅವಳ ನಾಲಿಗೆ ಯಾಕೆ ಒಪ್ಪುವುದಿಲ್ಲ ಎಂದು ಕೇಳಬೇಕೆನ್ನಿಸಿತು. ಮದುವೆಯಾಗಿ ಬಂದಾಗಿನಿಂದ ಅದೇ ಬಾವಿಯ ನೀರು ಕುಡಿದ ನಾಲಿಗೆ ಅದು. ನನ್ನ ಕಣ್ಣಿಗೆ ಆರು ವರ್ಷದ ಅಭ್ಯಾಸ. ಕೇಳಲಿಲ್ಲ.

ನಾಲ್ಕು ಪುಟದ ಟಿಪ್ಪಣಿ ಬರೆದೆ. ಮಾರ್ಚ್ ಕೊನೆಗೆ ವರದಿಯ ಅಂತಿಮ ಪ್ರತಿ ಬಂದಾಗ ಅನುಬಂಧವೇ ಇರಲಿಲ್ಲ. ಪುಟ ಹೆಚ್ಚಾಯಿತಂತೆ. ಪ್ರತಿ ಬಾವಿಯ ಹಾಳೆಯ ಕೆಳಗೆ ಅಳೆದವರ ಸಹಿ ಬೇಕಿತ್ತು. ಹದಿನೇಳನೆಯದರಲ್ಲಿ 'ಕುಡಿಯಲು ಯೋಗ್ಯ' ಎಂದು ಅಚ್ಚಾಗಿತ್ತು. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ರೂಪೇಶ ಸರ್ ಕೋಣೆಯಲ್ಲಿ ಇರಲೂ ಇಲ್ಲ. ಅವರ ಮೇಜಿನ ಮೇಲೆ ನನ್ನ ಪ್ರಬಂಧದ ಐದು ಅಧ್ಯಾಯಗಳು ಅವರ ಸಹಿಗೆ ಕಾಯುತ್ತ ಬಿದ್ದಿದ್ದವು, ನಾನು ಅವನ್ನು ನೋಡಿದೆ, ಸಹಿ ಹಾಕಿದೆ. ಅಂಕಿ ಸರಿಯಾಗಿಯೇ ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಮಾಧಾನ ಮನೆ ಮುಟ್ಟುವ ತನಕವೂ ಬಾಳಲಿಲ್ಲ.

ಏಪ್ರಿಲಿನಲ್ಲಿ ಪಟ್ಟಿ ಪ್ರಕಟವಾಯಿತು. ನಳದ ಕೊಳವೆ ಹರಿಶ್ಚಂದ್ರ ಮಾಸ್ತರರ ಗೇಟಿನವರೆಗೆ ಬಂದು ನಿಂತಿತು. ನಾನು ಒಂದು ವಾರ ಹೋಗಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ರಜೆ ಹಾಕಿ ಹಟ್ಟಿಕೇರಿಗೆ ಹೋದೆ. ನಾಗಕ್ಕ ಬೈಯುತ್ತಾಳೆ, ಬೈಸಿಕೊಂಡು ಬರೋಣ ಎಂದು ತಯಾರಾಗಿದ್ದೆ.

ಅವಳು ಬೈಯಲಿಲ್ಲ. ಜಗಲಿಯಲ್ಲಿ ಕುಳ್ಳಿರಿಸಿದಳು. ಭಾರತಿ ಗೋಡೆಗೆ ಒರಗಿ ಕಾಲು ಚಾಚಿದ್ದಳು, ಎಂಟು ತುಂಬಿತ್ತು. ಮುಖ ಕೂಡ ಊದಿತ್ತು. ಕಣ್ಣು ಸಣ್ಣದಾಗಿ ಕಾಣುತ್ತಿತ್ತು.

"ನನ್ ನಾಲ್ಗಿಯೇ ಕೆಟ್ಟಿತ್ತು ಕಾಣ್ತದೆ ಅಕ್ಕೋರೆ" ಎಂದಳು ನಾಗಕ್ಕ, ತಪ್ಪೊಪ್ಪಿಕೊಳ್ಳುವವಳ ಹಾಗೆ. "ಪಂಚಾಯ್ತಿಲಿ ಎಲ್ಲರ ಎದುರಿಗೆ ಓದಿದ್ರಂತೆ, ನಮ್ ಬಾವಿಲಿ ಉಪ್ಪೇ ಇಲ್ಲ ಅಂತ. ಮೂರ್ ಸಲ ಮಷಿನಿಗೆ ಹಾಕಿ ನೋಡೀರಲ್ಲ ನೀವು. ಜಗದೀಶ ಬಂದವ ನಂಗೇ ಬೈದ. ನೀರ ಚಲೋ ಅದೆ ಅಂತ ಓದ್ದೋರೇ ಹೇಳ್ವಾಗ ಗುಡ್ಡದಾಚೆ ಎಂತಕೆ ಸಾಯ್ತೆ ಅಂದ. ವಯಸ್ಸಾತು, ರುಚಿ ತಿಳೂದಿಲ್ಲ ನಂಗೆ. ಈಗ ಹೊರೂದ ಬಿಟ್ಟೀನಿ."

"ಬಿಟ್ಟು ಎಷ್ಟು ದಿನವಾಯಿತು?"

"ಹದ್ನೈದ ದಿನ ಆತು. ಈ ಹುಡ್ಗಿಯೂ ಬಾವಿದೇ ಕುಡೂದು ಈಗ."

"ಕುಡಿಸಬೇಡಿ ನಾಗಕ್ಕ, ನಿಮ್ಮ ನಾಲಿಗೆ ಸರಿ ಇದೆ, ಆ ನೀರು ಉಪ್ಪು. ನಾನೇ ಅಳೆದಿದ್ದೇನೆ. ಸಾವಿರದ ಮೇಲೆ ಬಂದಿದೆ. ಭಾರತಿ, ನೀನು ಕುಡೀಬೇಡ." ಮಾತು ತೊದಲುತ್ತಿತ್ತು. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು.

ಭಾರತಿ ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ ಒಂದು ಝೆರಾಕ್ಸ್ ಪ್ರತಿ ತಂದಳು. ಪಂಚಾಯಿತಿಯಲ್ಲಿ ಕೊಟ್ಟದ್ದಂತೆ. ಬೆರಳಿಟ್ಟು ನಿಧಾನವಾಗಿ ಓದಿದಳು. "ಕುಡಿಯಲು ಯೋಗ್ಯ. ಇದ್ರ ಬುಡಕ್ಕೆ ಇರೂ ಸೈ ನಿಮ್ದೇ ಅಲ್ಲ ಅಕ್ಕೋರೆ?"

"ನಂದೇ."

"ಹಂಗಾರೆ ಈಗ ಹೇಳಿದ್ದೂ ಬರ್ದು ಕೊಡ್ರಿ. ಉಪ್ಪದೆ, ಕುಡೂಕಾಗ ಅಂತ. ಒಂದೇ ಸಾಲು ಸಾಕು. ನಮ್ಮನಿಯೋರಿಗೆ ತೋರ್ಸ್ತೆ, ಪಂಚಾಯ್ತಿಗೂ ತೋರ್ಸ್ತೆ. ನನ್ ಬಾಯ್ಮಾತ ಯಾರ ಕೇಳ್ತ್ರು?"

ಅವಳು ಪೆನ್ನು ಕೂಡ ತಂದಿದ್ದಳು. ಪ್ರತಿಯನ್ನು ಮಗುಚಿ, ಖಾಲಿ ಬದಿಯನ್ನು ನನ್ನ ಮುಂದಿಟ್ಟಳು. ನಾನು ಪೆನ್ನು ಹಿಡಿದೆ. ನನ್ನ ಸಹಿಯ ಬೆನ್ನಿಗೇ ನನ್ನ ಸಹಿ. ಇದು ರೂಪೇಶ ಸರ್ ಕೈಗೆ ಹೋಗಲು ಎರಡು ದಿನ ಸಾಕು. ಐದು ಅಧ್ಯಾಯ, ಆರು ವರ್ಷ. ಪೆನ್ನು ಕಾಗದದ ಮೇಲೆ ಎಷ್ಟು ಹೊತ್ತು ನಿಂತಿತ್ತೋ ಗೊತ್ತಿಲ್ಲ, ಅಲ್ಲೊಂದು ಮಸಿಯ ಚುಕ್ಕೆ ಬಿತ್ತು.

"ಹಾಗೆ ಬರೆದುಕೊಡಲು ನನಗೆ ಅಧಿಕಾರವಿಲ್ಲ ಭಾರತಿ" ಎಂದೆ.

ಅವಳು ಸಿಟ್ಟಾಗಲಿಲ್ಲ. ಕಾಗದವನ್ನೂ ಪೆನ್ನನ್ನೂ ನನ್ನ ಕೈಯಿಂದ ತೆಗೆದುಕೊಂಡಳು. "ಬರ್ದು ಕೊಡೂಕಾಗದೇ ಇದ್ದ ಮಾತ ನಂಬಿ ಅತ್ತೆನ ಗುಡ್ಡ ಹತ್ಸೂದು ಹೆಂಗೆ?" ಎಂದಳು, ನನ್ನನ್ನು ಕೇಳಿದ ಹಾಗೂ ಇರಲಿಲ್ಲ. ಕೊಡದಲ್ಲಿದ್ದ ಬಾವಿಯ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು, ನನ್ನೆದುರಿಗೇ ನಿಂತು, ಪೂರ್ತಿ ಕುಡಿದಳು.